ಮನೆಯಲ್ಲಿ ಕಂಡ ಜೇಡ ಅಪಾಯದ್ದೇ? ಗುರುತಿಸಿ ತಡೆಯುವ ದೋಷ ನಿವಾರಣೆ ಕೈಪಿಡಿ

ಮನೆಯಲ್ಲಿ ಜೇಡ ಕಂಡ ಕೂಡಲೇ ಹೆಚ್ಚಿನವರ ಕೈ ಹೋಗುವುದು ಸ್ಪ್ರೇ ಡಬ್ಬಿಗೆ. ಅದಕ್ಕಿಂತ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳಿವೆ. ಅದು ಯಾವ ಜೇಡ? ಒಳಗೆ ಹೇಗೆ ಬಂತು? ಬಂದದ್ದು ಅಲ್ಲೇ ಏಕೆ ಉಳಿಯಿತು? ಇವಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ. ಉತ್ತರ ಹುಡುಕದೆ ಮೂಲೆ ಮೂಲೆಗೆ ಔಷಧಿ ಹೊಡೆದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಮೂಲೆಯಲ್ಲಿ ಅದೇ ಬಲೆ ಮತ್ತೆ ಕಾಣಿಸುತ್ತದೆ.

ಹೆಸರಿಟ್ಟು ದಾಖಲಿಸಿರುವ ಜೇಡಗಳ ಜಾತಿಗಳು 50,000 ದಾಟಿವೆ. ಬಹುತೇಕ ಎಲ್ಲಕ್ಕೂ ವಿಷಗ್ರಂಥಿ ಇದೆ, ಆದರೆ ಆ ವಿಷ ಇರುವುದು ನೊಣ, ಜಿರಲೆಗಳಿಗಾಗಿ. ಮನುಷ್ಯ ಆಸ್ಪತ್ರೆಗೆ ಹೋಗಬೇಕಾಗುವಷ್ಟು ತೊಂದರೆ ಕೊಡುವ ಗುಂಪುಗಳು ಬೆರಳೆಣಿಕೆಯಷ್ಟು ಮಾತ್ರ. ಲ್ಯಾಟ್ರೊಡೆಕ್ಟಸ್ ಕುಲದ ವಿಡೋ ಜೇಡಗಳು, ಲೊಕ್ಸೊಸೆಲಿಸ್ ಕುಲದ ರೆಕ್ಲೂಸ್ ಜೇಡಗಳು, ಆಸ್ಟ್ರೇಲಿಯಾದ ಫನಲ್ ವೆಬ್ ಜೇಡಗಳು, ದಕ್ಷಿಣ ಅಮೆರಿಕದ ಫೊನ್ಯೂಟ್ರಿಯಾ ಎಂಬ ಅಲೆಮಾರಿ ಜೇಡಗಳು. ಕೊನೆಯ ಎರಡು ಅವುಗಳ ನೆಲ ಬಿಟ್ಟು ಹೊರಗೆ ನೆಲೆಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ವಿಡೋ ಮತ್ತು ರೆಕ್ಲೂಸ್ ಹಾಗಲ್ಲ. ಸರಕಿನ ಪೆಟ್ಟಿಗೆ, ಪೀಠೋಪಕರಣ, ಹೂಕುಂಡಗಳ ಜೊತೆ ಇವುಗಳ ಕೆಲವು ಜಾತಿಗಳು ಖಂಡ ದಾಟಿ ಹರಡಿವೆ. ಹಾಗಾಗಿ ಈ ಬರಹದ ಬಹುಪಾಲು ಆ ಎರಡರ ಮೇಲೆಯೇ.

ಮೊದಲ ಪರೀಕ್ಷೆ: ಜೇಡ ಬಿಡಿ, ಬಲೆ ನೋಡಿ

ಜೇಡದ ಬಣ್ಣ ನೋಡಿ ತೀರ್ಮಾನಿಸಲು ಹೊರಟರೆ ದಾರಿ ತಪ್ಪುವುದು ಸುಲಭ. ಒಂದೇ ಜಾತಿಯಲ್ಲಿ ಮರಿಗೊಂದು ಬಣ್ಣ, ಗಂಡಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ. ಬಲೆ ಅಷ್ಟು ಬದಲಾಗುವುದಿಲ್ಲ, ಓಡಿಯೂ ಹೋಗುವುದಿಲ್ಲ. ಆದ್ದರಿಂದ ಪತ್ತೆ ಕೆಲಸ ಅಲ್ಲಿಂದ ಶುರುವಾಗಲಿ.

ಚಕ್ರದ ಹಾಗೆ ಸುತ್ತು ಸುತ್ತಾಗಿ ಅಂದವಾಗಿ ನೇಯ್ದ ಬಲೆಯೇ? ನಿಶ್ಚಿಂತೆಯಿಂದಿರಿ, ಅದು ತೋಟದ ಜೇಡ. ಚಾವಣಿಯ ಮೂಲೆಯಲ್ಲಿ ಸಡಿಲವಾದ ಬಲೆ, ಅದರಲ್ಲಿ ಕೂದಲೆಳೆಯಂಥ ಉದ್ದ ಕಾಲಿನ, ಮುಟ್ಟಿದರೆ ಗಡಗಡ ನಡುಗುವ ಜೇಡ ಇದೆಯೇ? ಅದು ಫೋಲ್ಸಿಡೇ ಕುಟುಂಬದ್ದು. ಇದಕ್ಕೆ ಜಗತ್ತಿನಲ್ಲೇ ಭಾರಿ ವಿಷ, ಆದರೆ ಹಲ್ಲು ಚಿಕ್ಕದಾದ್ದರಿಂದ ಕಚ್ಚಲಾರದು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದು ಶುದ್ಧ ಸುಳ್ಳು. ಮನುಷ್ಯನಿಗೆ ಇದರಿಂದ ತೊಂದರೆ ಇಲ್ಲ. ಇದು ಬೇರೆ ಜೇಡಗಳನ್ನೂ ಹಿಡಿದು ತಿನ್ನುತ್ತದೆ. ನನ್ನನ್ನು ಕೇಳಿದರೆ, ಬಲೆಯ ಧೂಳು ಕಣ್ಣಿಗೆ ಕಿರಿಕಿರಿ ಎನಿಸದಿದ್ದರೆ ಇದನ್ನು ಅಲ್ಲೇ ಬಿಡುವುದು ಮೇಲು.

ಗಮನ ಕೊಡಬೇಕಾದದ್ದು ಎರಡು ಬಗೆಯ ಬಲೆಗಳಿಗೆ. ಒಂದು, ನೆಲಕ್ಕೆ ಹತ್ತಿರದಲ್ಲಿ, ಯಾವ ಆಕಾರವೂ ಇಲ್ಲದೆ ಅಡ್ಡಾದಿಡ್ಡಿಯಾಗಿ ಹೆಣೆದ ಗಟ್ಟಿ ಎಳೆಗಳ ಬಲೆ. ಇನ್ನೊಂದು, ಪೆಟ್ಟಿಗೆಯ ಹಿಂದೆಯೋ ಬಟ್ಟೆ ರಾಶಿಯ ಅಡಿಯಲ್ಲೋ ಹತ್ತಿ ಹಿಂಜಿ ಹರಡಿದಂತಿರುವ ತೆಳು ಬಿಳಿ ಪದರ. ಮೊದಲನೆಯದು ವಿಡೋ ಇರಬಹುದು, ಎರಡನೆಯದು ರೆಕ್ಲೂಸ್ ಇರಬಹುದು. ಎರಡಕ್ಕೂ ಬೇರೆ ಬೇರೆ ಪರೀಕ್ಷೆ ಇದೆ.

ನೆಲದ ಹತ್ತಿರ ಅಡ್ಡಾದಿಡ್ಡಿ ಬಲೆ ಇದ್ದರೆ

ಒಂದು ಉದ್ದನೆಯ ಕಡ್ಡಿಯಿಂದ ಬಲೆಯ ಒಂದು ಎಳೆಯನ್ನು ಮೆಲ್ಲಗೆ ಎಳೆಯಿರಿ. ಸಾಮಾನ್ಯ ಬಲೆ ಸದ್ದಿಲ್ಲದೆ ಹರಿದು ಕಡ್ಡಿಗೆ ಅಂಟಿಕೊಳ್ಳುತ್ತದೆ. ವಿಡೋ ಜೇಡದ ಎಳೆ ಸ್ವಲ್ಪ ಹಿಗ್ಗಿ ತಡೆದು, ಆಮೇಲೆ ಚಟಪಟ ಎಂದು ಕಿತ್ತು ಬರುತ್ತದೆ. ಒಮ್ಮೆ ಈ ಸದ್ದು ಕೇಳಿದವರು ಮರೆಯುವುದಿಲ್ಲ. ಇದರ ಹತ್ತಿರದ ಸಂಬಂಧಿಯಾದ ಸ್ಟಿಯಟೋಡಾ ಜೇಡದ ಬಲೆಯೂ ಸುಮಾರಾಗಿ ಹೀಗೇ ಇರುವುದರಿಂದ ಇಷ್ಟಕ್ಕೇ ನಿಲ್ಲಬೇಡಿ.

ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮತ್ತೆ ಅಲ್ಲಿಗೇ ಹೋಗಿ. ಹಗಲಿನಲ್ಲಿ ವಿಡೋ ಬಲೆಯ ಅಂಚಿನ ಸಂದಿನಲ್ಲಿ ಮುದುಡಿ ಕೂತಿರುತ್ತದೆ. ರಾತ್ರಿ ಬಲೆಯ ನಡುವೆ ತಲೆಕೆಳಗಾಗಿ ತೂಗುತ್ತದೆ, ಹೊಟ್ಟೆಯ ಅಡಿಭಾಗ ಮೇಲಕ್ಕೆ ತಿರುಗಿರುತ್ತದೆ. ನಮಗೆ ಬೇಕಾದ ಗುರುತು ಇರುವುದೂ ಅಲ್ಲೇ. ಬಟಾಣಿ ಗಾತ್ರದ ಹೊಳೆಯುವ ಕಪ್ಪು ಹೊಟ್ಟೆ, ಅದರ ಅಡಿಯಲ್ಲಿ ಡಮರುವಿನ ಆಕಾರದ ಕೆಂಪು ಮಚ್ಚೆ ಕಂಡರೆ ಅದು ಬ್ಲ್ಯಾಕ್ ವಿಡೋ ಹೆಣ್ಣು. ದೇಹದ ಉದ್ದ ಸುಮಾರು 8ರಿಂದ 13 ಮಿಲಿಮೀಟರ್, ಕಾಲು ಸೇರಿಸಿದರೆ ಇನ್ನೂ ದೊಡ್ಡದು. ಆಸ್ಟ್ರೇಲಿಯಾದ ರೆಡ್‌ಬ್ಯಾಕ್ ಆದರೆ ಬೆನ್ನಿನ ಮೇಲೂ ಉದ್ದಕ್ಕೆ ಕೆಂಪು ಪಟ್ಟಿ ಇರುತ್ತದೆ. ಮಚ್ಚೆ ಕೆಲವೊಮ್ಮೆ ನಡುವೆ ತುಂಡಾಗಿ ಎರಡು ಚುಕ್ಕೆಗಳಂತೆಯೂ ಕಾಣಬಹುದು. ಮರಿಗಳ ಮೈ ಕಪ್ಪಾಗಿರುವುದಿಲ್ಲ, ಬಿಳಿ ಮತ್ತು ಕಿತ್ತಳೆ ಗೆರೆಗಳಿಂದ ಕೂಡಿರುತ್ತದೆ. ಗಂಡು ತೀರಾ ಚಿಕ್ಕದು, ಅದರಿಂದ ಭಯವಿಲ್ಲ.

ಈಗ ಜಗತ್ತಿನ ಬೆಚ್ಚನೆಯ ಊರುಗಳಲ್ಲೆಲ್ಲ ಹೆಚ್ಚು ಕಾಣಸಿಗುವುದು ಬ್ರೌನ್ ವಿಡೋ. ಮೈ ಬೂದು ಕಂದು, ಕಾಲುಗಳಲ್ಲಿ ಪಟ್ಟೆ, ಅಡಿಯ ಡಮರು ಮಚ್ಚೆ ಕೆಂಪಿಗಿಂತ ಕಿತ್ತಳೆಯ ಕಡೆಗೆ. ಧೂಳು ಬಣ್ಣದ ಕಾರಣ ಜನ ಇದನ್ನು ಗಮನಿಸುವುದೇ ಇಲ್ಲ. ಇದನ್ನು ಗುರುತಿಸಲು ಜೇಡಕ್ಕಿಂತ ಮೊಟ್ಟೆ ಚೀಲವೇ ಒಳ್ಳೆಯ ಸಾಕ್ಷಿ. ಕೆನೆ ಬಣ್ಣದ ಗುಂಡು, ಮೈತುಂಬ ಚಿಕ್ಕ ಚಿಕ್ಕ ಮುಳ್ಳು. ಬ್ಲ್ಯಾಕ್ ವಿಡೋ ಮೊಟ್ಟೆ ಚೀಲ ನುಣ್ಣಗಿರುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಸೀಟಿನ ಅಡಿ, ಹೂಕುಂಡದ ಅಂಚಿನ ಒಳಮಡಿಕೆ, ಟಪಾಲು ಪೆಟ್ಟಿಗೆ, ಕಸದ ಡಬ್ಬಿಯ ಹಿಡಿಕೆ, ಮೀಟರ್ ಬಾಕ್ಸಿನ ಒಳಗೆ ಇಂಥ ಮುಳ್ಳುಗುಂಡು ಕಂಡರೆ ಇನ್ನಾವ ಪರೀಕ್ಷೆಯೂ ಬೇಡ. ಕೈಬೆರಳು ಹಾಕಿ ಎತ್ತುವ, ಕಣ್ಣಿಗೆ ಬೀಳದ ಜಾಗಗಳೇ ಇವೆಲ್ಲ ಎಂಬುದನ್ನು ಗಮನಿಸಿ. ವಿಡೋ ಜೇಡ ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಬೆರಳೋ ಮೈಯೋ ಅದನ್ನು ಒತ್ತಿದಾಗ ಕಚ್ಚುತ್ತದೆ. ಹಿಂದಿನ ಕಾಲದಲ್ಲಿ ಹಿತ್ತಲ ಪಾಯಖಾನೆಯ ಸೀಟಿನಡಿಯ ಬಲೆಯಿಂದ ಕಚ್ಚಿಸಿಕೊಂಡವರು ಹೆಚ್ಚಿದ್ದುದೂ ಇದೇ ಕಾರಣಕ್ಕೆ.

ಪೆಟ್ಟಿಗೆ, ಬಟ್ಟೆ, ಹಾಸಿಗೆಯ ಹತ್ತಿರ ಕಂದು ಜೇಡ ಕಂಡರೆ

ಎಲ್ಲಕ್ಕಿಂತ ಹೆಚ್ಚು ತಪ್ಪು ಗುರುತು ಆಗುವುದು ಇಲ್ಲೇ. ಕಂದು ಜೇಡಗಳೆಲ್ಲ ರೆಕ್ಲೂಸ್ ಅಲ್ಲ. ರೆಕ್ಲೂಸ್ ಬೆನ್ನ ಮೇಲೆ ಇರುತ್ತದೆನ್ನುವ ಪಿಟೀಲು ಆಕಾರದ ಗುರುತೊಂದನ್ನೇ ನಂಬಬೇಡಿ. ನಿರುಪದ್ರವಿ ಜೇಡಗಳ ಬೆನ್ನಲ್ಲೂ ಹಾಗೆ ಕಾಣುವ ಕಪ್ಪು ಗುರುತು ಇರುತ್ತದೆ, ರೆಕ್ಲೂಸ್ ಜಾತಿಯ ಕೆಲವದರಲ್ಲಿ ಅದು ಮಸುಕಾಗಿ ಅಳಿಸಿದಂತೆಯೂ ಇರುತ್ತದೆ.

ಜೇಡವನ್ನು ಗಾಜಿನ ಲೋಟದಿಂದ ಮುಚ್ಚಿ, ಅಡಿಗೆ ದಪ್ಪ ಕಾಗದ ಸರಿಸಿ ಹಿಡಿಯಿರಿ. ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಈಗ ಕ್ರಮವಾಗಿ ನಾಲ್ಕು ವಿಷಯ. ಕಾಲುಗಳ ಮೇಲೆ ಪಟ್ಟೆ ಇದೆಯೇ? ಇದ್ದರೆ ರೆಕ್ಲೂಸ್ ಅಲ್ಲ. ಕಾಲುಗಳ ಮೇಲೆ ನಿಗುರಿ ನಿಂತ ದಪ್ಪ ಮುಳ್ಳುಗಳಿವೆಯೇ? ಇದ್ದರೂ ಅಲ್ಲ, ರೆಕ್ಲೂಸ್ ಕಾಲಲ್ಲಿ ಇರುವುದು ನವಿರು ಕೂದಲು ಮಾತ್ರ. ಹೊಟ್ಟೆಯ ಮೇಲೆ ಚಿತ್ತಾರ, ಚುಕ್ಕೆ, ಗೆರೆ ಇವೆಯೇ? ಆಗಲೂ ಅಲ್ಲ, ಅದರ ಹೊಟ್ಟೆ ಒಂದೇ ಬಣ್ಣದ್ದು. ಈ ಮೂರೂ ದಾಟಿದರೆ ಕಣ್ಣು ಎಣಿಸಿ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು. ರೆಕ್ಲೂಸ್‌ಗೆ ಆರೇ ಆರು, ಅದೂ ಎರಡೆರಡರಂತೆ ಮೂರು ಜೋಡಿ, ಮುಂದೊಂದು ಜೋಡಿ, ಅಕ್ಕಪಕ್ಕ ಒಂದೊಂದು. ಉಗುಳುವ ಜೇಡಕ್ಕೂ ಹೀಗೇ ಮೂರು ಜೋಡಿ ಕಣ್ಣಿವೆ, ಆದರೆ ಅದರ ಬೆನ್ನು ಹಿಂದಕ್ಕೆ ಗೂನಿನಂತೆ ಉಬ್ಬಿರುತ್ತದೆ, ಮೈಮೇಲೆ ಕಪ್ಪು ಚುಕ್ಕೆಗಳೂ ಇರುತ್ತವೆ. ರೆಕ್ಲೂಸ್ ಬೆನ್ನು ಚಪ್ಪಟೆ.

ಇದಕ್ಕೊಂದು ದೌರ್ಬಲ್ಯವಿದೆ: ನುಣುಪು ಮೇಲ್ಮೈ ಹತ್ತಲಾರದು. ಬೆಳಗ್ಗೆ ಸ್ನಾನದ ತೊಟ್ಟಿಯಲ್ಲೋ ಸಿಂಕಿನಲ್ಲೋ ಸಿಕ್ಕಿಬಿದ್ದ ಜೇಡ ಕಾಣುವುದು ಇದರಿಂದಲೇ. ಇದೇ ದೌರ್ಬಲ್ಯವನ್ನು ಆಮೇಲೆ ನಮ್ಮ ಅನುಕೂಲಕ್ಕೆ ಬಳಸಬಹುದು.

ಬಲೆ ಇಲ್ಲದೆ ಓಡಾಡುವ ದೊಡ್ಡ ಜೇಡ

ಗೋಡೆಯ ಮೇಲೆ ಅಂಗೈ ಅಗಲದ ಚಪ್ಪಟೆ ಜೇಡ ಸರ್ರನೆ ಅಡ್ಡ ಓಡಿದರೆ ಎಂಥವರಿಗೂ ಎದೆ ಝಲ್ಲೆನ್ನುತ್ತದೆ. ಬೆಚ್ಚನೆಯ ಪ್ರದೇಶದ ಮನೆಗಳಲ್ಲಿ ಅದು ಸಾಮಾನ್ಯವಾಗಿ ಹಂಟ್ಸ್‌ಮನ್, ಜಿರಲೆ ತಿನ್ನುವ ಜೇಡ. ಹಿಡಿದು ಒತ್ತಿದರೆ ನೋವಾಗುವಂತೆ ಕಚ್ಚಬಲ್ಲದು, ಅಷ್ಟೇ. ಲೋಟದಲ್ಲಿ ಹಿಡಿದು ಹೊರಗೆ ಬಿಡಿ. ಆದರೆ ನೀವಿರುವುದು ಬ್ರೆಜಿಲ್ ಕಡೆಯಾದರೆ, ಮುಂಗಾಲುಗಳನ್ನು ನೆಟ್ಟಗೆ ಮೇಲೆತ್ತಿ ಎದುರು ನಿಲ್ಲುವ ಜೇಡದಿಂದ ದೂರವಿರಿ, ಅದು ಫೊನ್ಯೂಟ್ರಿಯಾ. ಸಿಡ್ನಿ ಸುತ್ತಮುತ್ತಲಾದರೆ ಹೊಳಪು ಕಪ್ಪಿನ, ದಪ್ಪ ಹಲ್ಲಿನ ಫನಲ್ ವೆಬ್ ಗಂಡುಗಳು ಸೆಕೆಗಾಲದಲ್ಲಿ ಹೆಣ್ಣು ಹುಡುಕುತ್ತ ಮನೆಯೊಳಗೆ ಬರುತ್ತವೆ. ಈಜುಕೊಳದಲ್ಲಿ ಮುಳುಗಿ ಸತ್ತಂತೆ ಬಿದ್ದಿರುವುದನ್ನೂ ಕೈಯಲ್ಲಿ ಎತ್ತಬಾರದು, ನೀರಿನಡಿ ತುಂಬಾ ಹೊತ್ತು ಬದುಕಿರಬಲ್ಲದು.

ಗಾಯ ಇದೆ, ಜೇಡ ಕಂಡಿಲ್ಲ

ಬೆಳಗ್ಗೆ ಎದ್ದಾಗ ಕಾಲಲ್ಲಿ ಕೆಂಪು ಗುಳ್ಳೆ, ಮರುದಿನ ಕೀವು. ಮನೆಯವರೆಲ್ಲ ಜೇಡ ಕಚ್ಚಿದೆ ಎಂದು ನಿರ್ಧರಿಸಿಬಿಡುತ್ತಾರೆ. ಈ ನಿರ್ಧಾರವೇ ಅಪಾಯ ಎಂದು ಒತ್ತಿ ಹೇಳುತ್ತೇನೆ. ಇಂಥ ಗಾಯಗಳಲ್ಲಿ ಬಹಳಷ್ಟು ಬ್ಯಾಕ್ಟೀರಿಯಾ ಸೋಂಕು. ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಸೋಂಕನ್ನು ಜೇಡದ ಕಡಿತವೆಂದು ತಿಳಿದು ದಿನ ಕಳೆದರೆ ಅದು ಒಳಕ್ಕೆ ಹರಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಇನ್ನೂ ಕೆಟ್ಟದ್ದು.

2001ರಲ್ಲಿ ಅಮೆರಿಕದ ಕಾನ್ಸಾಸ್‌ನ ಒಂದು ಮನೆಯಲ್ಲಿ ಆರು ತಿಂಗಳಲ್ಲಿ 2,055 ಬ್ರೌನ್ ರೆಕ್ಲೂಸ್ ಜೇಡಗಳನ್ನು ಹಿಡಿದು ಎಣಿಸಿದರು. ಆ ಮನೆಯಲ್ಲಿ ವಾಸವಿದ್ದ ನಾಲ್ವರಲ್ಲಿ ಒಬ್ಬರಿಗೂ ಕಡಿತದ ಲಕ್ಷಣ ಇರಲಿಲ್ಲ. ಒಂದೂ ರೆಕ್ಲೂಸ್ ಕಾಣದ ಮನೆಯಲ್ಲಿ ಆದ ಗಾಯವನ್ನು ಅದರ ತಲೆಗೆ ಕಟ್ಟುವ ಮುನ್ನ ಈ ಲೆಕ್ಕ ನೆನಪಿರಲಿ.

ಗಾಯವೇ ಕೆಲವು ಸುಳಿವು ಕೊಡುತ್ತದೆ. ಒಂದಕ್ಕಿಂತ ಹೆಚ್ಚು ಗಾಯಗಳಿದ್ದರೆ, ನಡುಭಾಗ ಉಬ್ಬಿ ಕೀವು ಸೋರುತ್ತಿದ್ದರೆ, ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಆಗಿದ್ದರೆ ರೆಕ್ಲೂಸ್ ಅಲ್ಲವೆಂದೇ ಇಟ್ಟುಕೊಳ್ಳಬಹುದು. ತಿಗಣೆ, ಚಿಗಟ, ಸೋಂಕು ಇವುಗಳ ಕಡೆ ನೋಡಿ. ನಿಜವಾದ ರೆಕ್ಲೂಸ್ ಕಡಿತ ಮೊದಲಿಗೆ ಗೊತ್ತಾಗದೆಯೂ ಹೋಗಬಹುದು, ಕೆಲವು ಗಂಟೆಗಳ ಮೇಲೆ ನೋವು ಏರುತ್ತದೆ. ನಡುಭಾಗ ಉಬ್ಬದೆ ಚಪ್ಪಟೆಯಾಗಿ, ಬಿಳಿಚಿ ಅಥವಾ ನೀಲಿಗಟ್ಟಿ, ಸುತ್ತ ಕೆಂಪಾಗುತ್ತದೆ. ಹೆಚ್ಚಿನವು ವಿಶೇಷ ಚಿಕಿತ್ಸೆ ಇಲ್ಲದೆ ವಾಸಿಯಾಗುತ್ತವೆ, ಕೆಲವದರಲ್ಲಿ ಚರ್ಮ ಸತ್ತು ಹುಣ್ಣಾಗಿ ಮಾಯಲು ತಿಂಗಳುಗಳೇ ಹಿಡಿಯುತ್ತವೆ. ಜ್ವರ ಬಂದು ಮೂತ್ರ ಕಪ್ಪಾದರೆ ಅದು ರಕ್ತಕಣಗಳು ಒಡೆಯುತ್ತಿರುವ ಸೂಚನೆ. ಮಕ್ಕಳಲ್ಲಂತೂ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ವಿಡೋ ಕಡಿತದ ದಾರಿ ಬೇರೆ. ಗಾಯ ಸೂಜಿ ಚುಚ್ಚಿದಷ್ಟೇ ಇರುತ್ತದೆ, ಆದರೆ ಅದರ ವಿಷದಲ್ಲಿರುವ ಆಲ್ಫಾ ಲ್ಯಾಟ್ರೊಟಾಕ್ಸಿನ್ ನರತುದಿಗಳಿಂದ ಸಂದೇಶವಾಹಕ ರಾಸಾಯನಿಕಗಳನ್ನು ಒಮ್ಮೆಲೇ ಸುರಿಸುತ್ತದೆ. ನೋವು ಕಚ್ಚಿದ ಜಾಗದಿಂದ ಏರಿ ಹೊಟ್ಟೆ, ಬೆನ್ನು, ತೊಡೆಗಳ ಸ್ನಾಯು ಸೆಟೆದುಕೊಳ್ಳುತ್ತದೆ. ಬೆವರು ಕಿತ್ತು ಬರುತ್ತದೆ, ವಾಕರಿಕೆ ಆಗುತ್ತದೆ, ರಕ್ತದೊತ್ತಡ ಏರುತ್ತದೆ. ಬ್ರೌನ್ ವಿಡೋ ಕಚ್ಚಿದಾಗ ಹೆಚ್ಚಾಗಿ ನೋವು ಆ ಜಾಗಕ್ಕೇ ಸೀಮಿತ.

ಕಚ್ಚಿದ್ದು ಕಣ್ಣಾರೆ ಕಂಡಿದ್ದರೆ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಗಾಯ ಕೊಯ್ಯುವುದು, ಬಾಯಿ ಹಾಕಿ ಹೀರುವುದು, ಬಿಗಿಯಾಗಿ ದಾರ ಕಟ್ಟುವುದು ಯಾವುದೂ ಬೇಡ. ಸಾಧ್ಯವಾದರೆ ಜೇಡವನ್ನು ಡಬ್ಬಿಯಲ್ಲಿ ಹಾಕಿಕೊಂಡೋ ಫೋಟೊ ತೆಗೆದುಕೊಂಡೋ ಹೋಗಿ, ಜಜ್ಜಿಹೋಗಿದ್ದರೂ ಪರವಾಗಿಲ್ಲ, ವೈದ್ಯರಿಗೆ ಅದು ಸಹಾಯವೇ. ಫನಲ್ ವೆಬ್ ಮಾತ್ರ ಇದಕ್ಕೆ ಹೊರತು. ಅದು ಕಚ್ಚಿದರೆ ಇಡೀ ಕೈ ಅಥವಾ ಕಾಲಿಗೆ ಅಗಲ ಬ್ಯಾಂಡೇಜು ಒತ್ತಿ ಸುತ್ತಿ, ಅಲ್ಲಾಡದಂತೆ ಪಟ್ಟಿ ಕಟ್ಟಿ ತಕ್ಷಣ ಆಂಬುಲೆನ್ಸ್ ಕರೆಸಬೇಕು. ರೆಡ್‌ಬ್ಯಾಕ್‌ಗೆ ಹಾಗೆ ಬಿಗಿಯಬಾರದು, ನೋವು ಇನ್ನೂ ಹೆಚ್ಚುತ್ತದೆ. ರೆಡ್‌ಬ್ಯಾಕ್‌ಗೆ 1956ರಿಂದ, ಫನಲ್ ವೆಬ್‌ಗೆ 1981ರಿಂದ ಪ್ರತಿವಿಷ ಬಳಕೆಯಲ್ಲಿದೆ. ಮಕ್ಕಳು, ವಯಸ್ಸಾದವರು, ಬಸುರಿಯರು, ಹೃದಯದ ತೊಂದರೆ ಇರುವವರು ಲಕ್ಷಣ ಹೆಚ್ಚಲೆಂದು ಕಾಯದೆ ಹೊರಡಬೇಕು.

ಎಲ್ಲಿಂದ ಬರುತ್ತಿವೆ?

ಇದನ್ನು ಪತ್ತೆ ಮಾಡಲು ಎರಡು ಸಾಧನ ಸಾಕು: ಟಾರ್ಚ್ ಮತ್ತು ಅಂಟಿನ ಟ್ರ್ಯಾಪ್.

ರಾತ್ರಿ ಒಳಗಿನ ದೀಪ ಆರಿಸಿ, ಒಬ್ಬರು ಹೊರಗಿನಿಂದ ಬಾಗಿಲು ಕಿಟಕಿಗಳ ಅಂಚಿಗೆ ಟಾರ್ಚ್ ಹಾಯಿಸುತ್ತ ಹೋಗಲಿ. ಒಳಗೆ ನಿಂತವರಿಗೆ ಬೆಳಕು ಎಲ್ಲೆಲ್ಲಿ ತೂರಿ ಬರುತ್ತದೋ ಅಲ್ಲೆಲ್ಲ ಜೇಡವೂ ತೂರಬಹುದು. ಹೊಸ್ತಿಲ ಅಡಿ, ಪೈಪು ಗೋಡೆ ದಾಟುವ ತೂತು, ಎಕ್ಸಾಸ್ಟ್ ಫ್ಯಾನಿನ ಸುತ್ತ, ಹರಿದ ಸೊಳ್ಳೆ ಜಾಲರಿ, ಈ ನಾಲ್ಕರಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ.

ಅಂಟಿನ ಟ್ರ್ಯಾಪನ್ನು ಕೋಣೆಯ ನಡುವೆ ಇಟ್ಟರೆ ಧೂಳು ಬಿಟ್ಟು ಇನ್ನೇನೂ ಬೀಳುವುದಿಲ್ಲ. ಓಡಾಡುವ ಜೇಡ ಗೋಡೆಯ ಬುಡವನ್ನು ಹಿಡಿದೇ ಸಾಗುತ್ತದೆ. ಗೋಡೆ ನೆಲ ಕೂಡುವ ಅಂಚಿಗೆ ತಾಗಿಸಿ, ಬೀರುವಿನ ಹಿಂದೆ, ಮಂಚದಡಿ, ಸಾಮಾನು ಕೋಣೆಯ ಮೂಲೆಯಲ್ಲಿ ಇಡಿ. ಪ್ರತಿಯೊಂದಕ್ಕೂ ದಿನಾಂಕ ಬರೆದು, ವಾರಕ್ಕೊಮ್ಮೆ ನೋಡಿ. ಯಾವ ಟ್ರ್ಯಾಪಿನಲ್ಲಿ ಹೆಚ್ಚು ಬಿದ್ದಿವೆಯೋ ಆ ಗೋಡೆಯೇ ಮೂಲ. ಜೇಡಗಳ ಜೊತೆ ಜಿರಲೆ, ಇರುವೆ ರಾಶಿ ಬಿದ್ದಿದ್ದರೆ ಜೇಡದ ಊಟದ ಮನೆ ಪತ್ತೆಯಾಯಿತು ಎಂದರ್ಥ. ತೆರೆದ ಹಾಳೆಗಿಂತ ಡೇರೆಯಂತೆ ಮಡಚುವ ಟ್ರ್ಯಾಪ್ ಒಳ್ಳೆಯದು, ಹಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಸಿಕ್ಕಿದರೂ ಅಡುಗೆ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸಬಹುದು. ವಿಡೋ ಬಲೆ ಬಿಟ್ಟು ಅಲೆಯದ ಕಾರಣ ಟ್ರ್ಯಾಪಿಗೆ ಅಪರೂಪ, ಅದಕ್ಕೆ ರಾತ್ರಿಯ ಟಾರ್ಚೇ ಗತಿ.

ತೆಗೆಯುವ ಕೆಲಸ

ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಕೈಗವಸನ್ನು ಹಾಕುವ ಮುನ್ನ ಕೊಡವಿ, ಅಲ್ಲೂ ಜೇಡ ಅಡಗಿರುತ್ತದೆ. ಉದ್ದ ಕೊಳವೆಯ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದಕ್ಕಿಂತ ಒಳ್ಳೆಯ ಆಯುಧ ಇಲ್ಲ. ಜೇಡ, ಬಲೆ, ಮೊಟ್ಟೆ ಚೀಲ ಮೂರನ್ನೂ ಒಟ್ಟಿಗೆ ಎಳೆದುಕೊಳ್ಳುತ್ತದೆ. ಮುಗಿದ ಕೂಡಲೇ ಅದರ ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಹಾಕಿ. ಅದಿಲ್ಲದಿದ್ದರೆ ಉದ್ದ ಹಿಡಿಯ ಪೊರಕೆಗೆ ಬಲೆ ಸುತ್ತಿ, ಜೇಡವನ್ನು ನೆಲಕ್ಕೆ ಕೆಡವಿ ಬೂಟಿನಿಂದ ಒತ್ತಿಬಿಡಿ. ಮೊಟ್ಟೆ ಚೀಲವನ್ನು ಹಾಗೇ ಕಸಕ್ಕೆ ಎಸೆಯಬೇಡಿ, ಜಜ್ಜಿ ಎಸೆಯಿರಿ. ಬ್ಲ್ಯಾಕ್ ವಿಡೋ ಒಂದೊಂದು ಚೀಲದಲ್ಲೂ ನೂರಾರು ಮೊಟ್ಟೆ ಇರುತ್ತವೆ.

ಆಮೇಲೆ ಅಡಗುತಾಣ. ರೆಕ್ಲೂಸ್ ಇರುವ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳೇ ದೊಡ್ಡ ಶತ್ರು. ಅದರ ಮಡಿಕೆಗಳು ಚಪ್ಪಟೆ ಜೇಡಕ್ಕೆ ಹೇಳಿ ಮಾಡಿಸಿದ ಜಾಗ. ಸಾಮಾನನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳಿಗೆ ಬದಲಿಸಿ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ನೆಲಕ್ಕೆ ಇಳಿಬಿದ್ದ ಹೊದಿಕೆ ಮೇಲೆ ಕಟ್ಟಿ, ಮಂಚದ ಕಾಲುಗಳನ್ನು ನುಣುಪಾದ ಗಾಜಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಬಟ್ಟಲ ಗೋಡೆ ಹತ್ತಲಾಗದೆ ರೆಕ್ಲೂಸ್ ಅಲ್ಲೇ ಉಳಿಯುತ್ತದೆ. ಬಹುದಿನ ಮುಟ್ಟದ ಶೂ, ಟವೆಲ್, ಅಂಗಿಗಳನ್ನು ಕೊಡವಿಯೇ ಹಾಕಿಕೊಳ್ಳಿ.

ಹೊರಗೆ, ಸೌದೆ, ಇಟ್ಟಿಗೆ, ಹಳೆ ಹೆಂಚುಗಳ ರಾಶಿಯನ್ನು ಮನೆ ಗೋಡೆಗೆ ಒರಗಿಸಬೇಡಿ. ಗೋಡೆಗೆ ತಾಗುವ ಬಳ್ಳಿ ಕತ್ತರಿಸಿ. ಬಾಗಿಲ ಮೇಲಿನ ಬಿಳಿ ದೀಪದ ಬದಲು ಹಳದಿ ಎಲ್‌ಇಡಿ ಹಾಕಿದರೆ ಹುಳು ಬರುವುದು ಕಡಿಮೆಯಾಗುತ್ತದೆ, ಹುಳು ಹಿಂದೆ ಬರುವ ಜೇಡವೂ ಕಡಿಮೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಬದಲಾವಣೆ ಇನ್ನೊಂದಿಲ್ಲ.

ಔಷಧಿ ಹೊಡೆದರೂ ಹೋಗಿಲ್ಲ

ಜಿರಲೆ ಮೈಯೆಲ್ಲ ನೆಲಕ್ಕೆ ಉಜ್ಜಿಕೊಂಡು ಓಡುತ್ತದೆ, ಮೀಸೆ ಕಾಲುಗಳನ್ನು ಬಾಯಿಂದ ಒರೆಸಿಕೊಳ್ಳುತ್ತದೆ. ಹಾಗಾಗಿ ನೆಲಕ್ಕೆ ಬಳಿದ ಔಷಧಿ ಅದರ ಹೊಟ್ಟೆ ಸೇರುತ್ತದೆ. ಜೇಡ ಕಾಲಿನ ತುದಿ ಮಾತ್ರ ಊರಿ ನಡೆಯುತ್ತದೆ. ಬಲೆಯಲ್ಲಿ ಕೂತದ್ದಂತೂ ನೆಲವನ್ನೇ ಮುಟ್ಟುವುದಿಲ್ಲ. ಗೋಡೆ ಬುಡಕ್ಕೆ ಹೊಡೆದ ಸ್ಪ್ರೇ ಜೇಡಕ್ಕೆ ತಾಗದಿರುವುದು ಇದಕ್ಕೇ. ನೇರ ಮೈಮೇಲೆ ಬಿದ್ದರೆ ಮಾತ್ರ ಸಾಯುತ್ತದೆ, ಮೊಟ್ಟೆ ಚೀಲದೊಳಕ್ಕೆ ಅದು ಇಳಿಯುವುದೂ ಕಷ್ಟ. ಕೋಣೆ ತುಂಬ ಹೊಗೆ ಬಿಡುವ ಫಾಗರ್‌ನ ಹೊಗೆ ಸಂದುಗಳ ಒಳಕ್ಕೆ ಹೋಗುವುದಿಲ್ಲ. ಅದನ್ನು ಶಿಫಾರಸು ಮಾಡಲು ನನಗೆ ಮನಸ್ಸಿಲ್ಲ. ಅಲ್ಟ್ರಾಸಾನಿಕ್ ಯಂತ್ರಗಳ ಮೇಲೂ ಹಣ ಸುರಿಯಬೇಡಿ.

ಔಷಧಿ ಬೇಕೇ ಬೇಕೆಂದರೆ ಬಿರುಕು, ಪೊಳ್ಳು ಗೋಡೆಗಳಿಗೆ ಪುಡಿ ರೂಪದ್ದನ್ನು ಊದಿಸಿ, ಆಮೇಲೆ ಬಿರುಕು ಮುಚ್ಚಿ. ಪರ್ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕಗಳು ಬೆಕ್ಕಿಗೂ ಮೀನಿಗೂ ವಿಷ. ಮನೆಯಲ್ಲಿ ಅವಿದ್ದರೆ ಲೇಬಲ್ ಓದದೆ ಡಬ್ಬಿ ತೆರೆಯಬೇಡಿ.

ಎಲ್ಲ ಮಾಡಿದ ಮೇಲೂ ಮತ್ತೆ ಕಂಡರೆ ಕಾಣುತ್ತಿರುವುದು ಮರಿಯೋ ದೊಡ್ಡದೋ ನೋಡಿ. ಚಿಕ್ಕ ಮರಿಗಳೇ ಹೆಚ್ಚಿದ್ದರೆ ಒಂದು ಮೊಟ್ಟೆ ಚೀಲ ಕೈತಪ್ಪಿದೆ, ಅಥವಾ ನೂಲಿನೆಳೆ ಹಿಡಿದು ಗಾಳಿಯಲ್ಲಿ ತೇಲಿ ಬಂದಿವೆ. ಮೊಟ್ಟೆ ಒಡೆಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಆದ್ದರಿಂದ ಎರಡು ವಾರಕ್ಕೊಮ್ಮೆ ಅದೇ ಜಾಗಗಳನ್ನು ಟಾರ್ಚ್ ಹಿಡಿದು ನೋಡಿದರೆ ಹೊಸ ಪೀಳಿಗೆ ಬೆಳೆಯುವ ಮೊದಲೇ ಸಿಗುತ್ತದೆ. ದೊಡ್ಡವೇ ಬರುತ್ತಿದ್ದರೆ ಎಲ್ಲೋ ಸಂದು ತೆರೆದೇ ಇದೆ, ಟಾರ್ಚ್ ಪರೀಕ್ಷೆ ಮತ್ತೊಮ್ಮೆ ಮಾಡಿ. ರೆಕ್ಲೂಸ್ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಅದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಊಟ ನಿಲ್ಲಿಸಿದ ತಕ್ಷಣ ಜಾಗ ಖಾಲಿ ಮಾಡುವುದಿಲ್ಲ.

ಟ್ರ್ಯಾಪುಗಳಲ್ಲಿ ವಾರ ವಾರವೂ ರೆಕ್ಲೂಸ್ ಬೀಳುತ್ತಲೇ ಇದ್ದರೆ, ಅಥವಾ ವಿಡೋ ಬಲೆಗಳು ಮಕ್ಕಳು ಆಡುವ ಜಾಗದ ಸುತ್ತ ಹಬ್ಬಿದ್ದರೆ ಕೀಟ ನಿಯಂತ್ರಣದವರನ್ನು ಕರೆಸಿ. ಬಂದವರು ಪಂಪು ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ದಿನಾಂಕ ಬರೆದ ಟ್ರ್ಯಾಪುಗಳನ್ನು ತೋರಿಸಿ, ಇದು ಯಾವ ಜೇಡ ಎಂದು ಕೇಳಿ. ಅದನ್ನು ನೋಡದೆಯೇ ಇಡೀ ಮನೆಗೆ ಹೊಡೆಯುತ್ತೇವೆ ಎನ್ನುವವರಿಗೆ ಕೆಲಸ ಒಪ್ಪಿಸಬೇಡಿ.